ಹಲ್ಲು ಬರೆದವನು

ನಮ್ಮ ಊರಿನವರು ಸತ್ತವರಿಗೆ ಅಂಜಲು ಕಲಿತದ್ದು ನನ್ನಿಂದ ಎಂದು ಊರಿನಲ್ಲಿ ಈಗಲೂ ಕೆಲವರು ಹೇಳುತ್ತಾರೆ. ಅವರು ಹೇಳುವುದು ನಿಜವೋ ಸುಳ್ಳೋ ನನಗೆ ಇನ್ನೂ ಗೊತ್ತಾಗಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಊರು ದೊಡ್ಡದಲ್ಲ. ಬಸ್ಸಿನ ಬೋರ್ಡಿನ ಮೇಲೆ ಅದರ ಹೆಸರಿರುವುದಿಲ್ಲ. ಕರಿಗುಡ್ಡ ದಾಟಿದ ಮೇಲೆ ಇಳಿಯುತ್ತೇನೆಂದರೆ ಕಂಡಕ್ಟರನಿಗೆ ತಿಳಿಯುತ್ತದೆ. ಸುತ್ತಲೂ ಎರೆಭೂಮಿ, ಜೋಳ, ಕುಸುಬೆ. ಏಳನೆಯ ಇಯತ್ತೆಯವರೆಗೆ ಒಂದು ಶಾಲೆ, ಅಲ್ಲಿ ನಾನು ಡ್ರಾಯಿಂಗ್ ಮಾಸ್ತರ. ಹೆಸರು ಸಿದ್ರಾಮ. ಊರಿನ ಮೂಡಣ ದಿಕ್ಕಿಗೆ ಸುಡುಗಾಡು. ನಮ್ಮಲ್ಲಿ ಹೆಣ ಸುಡುವುದಿಲ್ಲ, ಕುಳ್ಳಿರಿಸಿ ಹೂಳುತ್ತಾರೆ. ಆದರೂ ಆ ಜಾಗಕ್ಕೆ ಸುಡುಗಾಡೆಂದೇ ಹೆಸರು. ಅಲ್ಲಿಂದ ಆಗಾಗ ಒಬ್ಬೊಬ್ಬರು ನಡೆದುಕೊಂಡು ವಾಪಸ್ಸು ಬರುತ್ತಾರೆ. ಎಲ್ಲರೂ ಬರುವುದಿಲ್ಲ. ಯಾರು ಬರುತ್ತಾರೆ, ಯಾರು ಬರುವುದಿಲ್ಲ ಎಂಬುದಕ್ಕೆ ಲೆಕ್ಕವಿಲ್ಲ. ಕೆಲವರು ತಿಂಗಳಿಗೆ ಬಂದರೆ ಕೆಲವರು ಎರಡು ಸುಗ್ಗಿ ಕಳೆದ ಮೇಲೆ. ಬರುವುದು ಮಾತ್ರ ಮುಂಜಾನೆ ರೊಟ್ಟಿ ಬಡಿಯುವ ಹೊತ್ತಿಗೇ. ತಲೆಯಲ್ಲಿ ಮಣ್ಣು ಇರುತ್ತದೆ. ಅಂಗಳದಲ್ಲಿ ನಿಂತು ನೀರು ಕೇಳುತ್ತಾರೆ.

ಊರು ಇದಕ್ಕೆ ಹೊಂದಿಕೊಂಡಿತ್ತು. ಸತ್ತವರ ಅರಿವೆಗಳನ್ನು ಒಂದು ಮಳೆಗಾಲ ಕಳೆಯುವ ತನಕ ಯಾರೂ ದಾನ ಮಾಡುತ್ತಿರಲಿಲ್ಲ. ದಫ್ತರಿನಲ್ಲಿ ಒಮ್ಮೆ ಗೀಟು ಹೊಡೆದ ಹೆಸರನ್ನು ಸರಿಪಡಿಸಲು ಬರುವುದಿಲ್ಲವೆಂದು, ಊರಿನ ಲೆಕ್ಕ ಬರೆಯುವ ತಲಾಟಿ ಅದರ ಕೆಳಗೇ ಹಸಿರು ಮಸಿಯಲ್ಲಿ ಅದೇ ಹೆಸರನ್ನು ಮತ್ತೆ ಬರೆಯುತ್ತಿದ್ದ. ದ್ಯಾಮಣ್ಣನೆಂಬವನು ಹೆಂಡತಿ ಕಸ್ತೂರೆವ್ವ ಸತ್ತ ಆರು ತಿಂಗಳಿಗೇ ರತ್ನವ್ವನನ್ನು ಮಾಡಿಕೊಂಡಿದ್ದ. ಎಂಟನೆಯ ತಿಂಗಳಲ್ಲಿ ಕಸ್ತೂರೆವ್ವ ಅಂಗಳದಲ್ಲಿ ನಿಂತಳು. ನೀರು ಕೊಟ್ಟವಳು ರತ್ನವ್ವನೇ. ಜಗಳವಾಗುತ್ತದೆಂದು ನೋಡಲು ಹೋದವರು ಬರಿಗೈಯಲ್ಲಿ ತಿರುಗಿ ಬಂದರು. ವರ್ಷ ಕಳೆಯುವುದರೊಳಗೆ ಇಬ್ಬರೂ ಒಂದೇ ಎಲೆಅಡಿಕೆ ಚೀಲ ಇಟ್ಟುಕೊಂಡರು. ದ್ಯಾಮಣ್ಣ ತನ್ನ ಹಾಸಿಗೆಯನ್ನು ಹೊರಗಿನ ಕಟ್ಟೆಗೆ ತಂದುಕೊಂಡ.

ಬಂದವರು ಯಾರಿಗೂ ತೊಂದರೆ ಕೊಡುತ್ತಿರಲಿಲ್ಲ. ಕೈ ತಣ್ಣಗಿರುತ್ತಿತ್ತು. ನೆನಪಾದಾಗ ಮಾತ್ರ ಉಸಿರಾಡುತ್ತಿದ್ದರು. ಬುದ್ಧಿ ಸ್ವಲ್ಪ ಹಿಂದುಮುಂದಾಗಿರುತ್ತಿತ್ತು. ನೆರೆಮನೆಯ ಪರುತಪ್ಪನ ತಂದೆ ಯಮನಪ್ಪ ಬಂದ ಮೇಲೆ ಅಂಗಿಯ ಗುಂಡಿಗಳನ್ನು ಬೆನ್ನಿಗೆ ಮಾಡಿ ತೊಡುತ್ತಿದ್ದ, ಮಗನನ್ನು ಅಪ್ಪಾ ಎಂದು ಕರೆಯುತ್ತಿದ್ದ. ಪರುತಪ್ಪ ಮೊದಲು ಅತ್ತ. ಆಮೇಲೆ ಅವನೂ ಏನಪ್ಪಾ ಎಂದು ಓಗೊಡಲು ಶುರು ಮಾಡಿದ.

ನನ್ನ ಹೆಂಡತಿ ನೀಲವ್ವ ಕಾಮಣಿಯಾಗಿ, ಕಣ್ಣು ಮೈ ಹಳದಿಗಟ್ಟಿ ತೀರಿಕೊಂಡಳು. ಮದುವೆಯಾಗಿ ಮೂರು ವರ್ಷವಾಗಿತ್ತು. ಐವತ್ತಮೂರನೆಯ ದಿನ ಬಂದಳು. ನಾನು ಶಾಲೆಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದೆ. ಆಕೆ ನೀರು ಕೇಳಿದಳು, ಕೊಟ್ಟೆ, ಕುಡಿದಳು. ತಂಬಿಗೆಯನ್ನು ತೊಳೆದು ಅದರ ಜಾಗದಲ್ಲೇ ಬೋರಲು ಹಾಕಿದಳು. ನಾನು ಹೊಸ್ತಿಲ ಮೇಲೆ ಕುಳಿತು ಗೋಳೋ ಎಂದು ಅತ್ತೆ. ಸಂತೋಷಕ್ಕೆ ಅಳುತ್ತಿದ್ದೇನೆಂದು ನೆರೆಯವರು ಅಂದರು, ನಾನೂ ಹಾಗೇ ತಿಳಿದುಕೊಂಡೆ.

ಆದರೆ ನನಗೆ ಹೆದರಿಕೆಯಾಗುತ್ತಿತ್ತು. ಇದನ್ನು ಆಗ ಯಾರಿಗೂ ಹೇಳಲಿಲ್ಲ. ಹಿಂದಿನಿಂದ ಬಂದು ಆಕೆ ಹೆಗಲ ಮೇಲೆ ಕೈ ಇಟ್ಟರೆ ಮೈ ಜುಮ್ಮೆನ್ನುತ್ತಿತ್ತು. ಮುಳ್ಳು ಚುಚ್ಚಿತು ಎನ್ನುತ್ತಿದ್ದೆ. ಮಲಗುವಾಗ ಬೆನ್ನನ್ನು ಗೋಡೆಗೆ ಒತ್ತಿ, ಮುಖವನ್ನು ಆಕೆಯ ಕಡೆಗೆ ಮಾಡಿ ಮಲಗುತ್ತಿದ್ದೆ. ಆಕೆ ಪ್ರೀತಿಯೆಂದು ತಿಳಿದಿರಬೇಕು. ಒಮ್ಮೆ ಪರುತಪ್ಪನನ್ನು ಸುತ್ತು ಬಳಸಿ ಕೇಳಿ ನೋಡಿದೆ. ಹಡೆದ ತಂದೆಗೆ ಯಾರು ಅಂಜುತ್ತಾರೆ ಎಂದು ಅವನು ನಕ್ಕ. ಇಡೀ ಊರಿನಲ್ಲಿ ಯಾರಿಗೂ ಇಲ್ಲದ್ದು ನನ್ನೊಬ್ಬನಿಗೇ ಇದೆಯೆಂದರೆ ದೋಷ ನನ್ನಲ್ಲೇ ಇರಬೇಕೆಂದು ಸುಮ್ಮನಾದೆ.

ಆ ದಿನಗಳಲ್ಲಿ ನಾನು ಜಿಲ್ಲಾ ಊರಿನ ಒಂದು ವಾರಪತ್ರಿಕೆಗೆ ಚಿತ್ರಕಥೆ ಬರೆದು ಕಳಿಸಿದೆ. ಹಳ್ಳಿಯೊಂದರಲ್ಲಿ ಸತ್ತವಳು ಎದ್ದು ಬರುವ ಕಥೆ. ನಮ್ಮ ಊರಿನಲ್ಲಿ ಇದ್ದಂತೆಯೇ ಬರೆದಿದ್ದೆ: ಆಕೆ ಬರುತ್ತಾಳೆ, ನೀರು ಕುಡಿಯುತ್ತಾಳೆ, ಅವರೆಕಾಯಿ ಸುಲಿಯುತ್ತಾಳೆ. ಸಂಪಾದಕರು ಹಾಳೆಗಳನ್ನು ತಿರುಗಿ ಕಳಿಸಿ ಒಂದು ಚೀಟಿ ಇಟ್ಟಿದ್ದರು. ನಿಮ್ಮ ಹೆಣಗಳು ಬಸ್ಸಿಗೆ ಕಾಯುವವರ ಹಾಗೆ ಕಾಣುತ್ತವೆ, ಓದುವವರಿಗೆ ಅಂಜಿಕೆ ಬರಬೇಕು, ಹಲ್ಲು ಬರೆಯಿರಿ ಎಂದು.

ನಾನು ಹಲ್ಲು ಬರೆದೆ. ಹಲ್ಲು ಬರೆಯಲು ಒಂದು ಮುಖ ಬೇಕಲ್ಲ. ಕೈಗೆ ಬಂದದ್ದು ಒಂದೇ ಮುಖ. ಮೊದಲ ಹಲ್ಲನ್ನು ಬರೆದು ಅಳಿಸಿದೆ. ಎರಡನೆಯದನ್ನು ಅಳಿಸಲಿಲ್ಲ. ಮೂರನೆಯ ಕಂತಿನಲ್ಲಿ ಆಕೆ ಮಲಗಿದ ಗಂಡನ ಮೇಲೆ ಬಾಗಿ ಕುತ್ತಿಗೆಗೆ ಬಾಯಿ ಹಾಕುತ್ತಾಳೆ, ಉಗುರುಗಳು ದಿಂಬಿನಲ್ಲಿ ನೆಟ್ಟಿರುತ್ತವೆ. ಅದನ್ನು ಬರೆದು ಮುಗಿಸಿದ ಮಧ್ಯಾಹ್ನ ಶಾಲೆಯ ಕೋಣೆಯಲ್ಲಿ ಬೆಂಚಿನ ಮೇಲೆ ಮಲಗಿ ಎಷ್ಟೋ ದಿನಗಳ ಮೇಲೆ ಚೆನ್ನಾಗಿ ನಿದ್ದೆ ಮಾಡಿದೆ. ಚಿತ್ರಕಥೆಗೆ ‘ಎದ್ದು ಬಂದಾಕಿ’ ಎಂದು ಹೆಸರಿಟ್ಟರು. ಪತ್ರಿಕೆ ಚೆನ್ನಾಗಿ ಓಡಿತಂತೆ. ನಮ್ಮ ಊರಿಗೆ ಅದು ಬರುತ್ತಿರಲಿಲ್ಲ, ಅದೇ ನನ್ನ ಧೈರ್ಯ.

ಒಂದು ದಿನ ಊರಿನ ಕ್ಷೌರಿಕ ಪೇಟೆಗೆ ಕತ್ತರಿ ಸಾಣೆ ಹಿಡಿಸಲು ಹೋದವನು ಆರು ಸಂಚಿಕೆಗಳನ್ನು ಒಟ್ಟಿಗೆ ತಂದು ಅಂಗಡಿಯಲ್ಲಿಟ್ಟ. ಓದು ಬಂದವರು ಬಾರದವರಿಗೆ ಓದಿ ಹೇಳಿದರು. ಮೊದಲ ದಿನ ಎಲ್ಲರೂ ನಕ್ಕರಂತೆ. ಇದು ಮಾಸ್ತರನ ಹೆಂಡತಿ ಅಲ್ಲವೇ, ಮೂಗು ನೋಡು, ಗದ್ದ ನೋಡು ಎಂದು ಬೆರಳಿಟ್ಟು ತೋರಿಸಿದರಂತೆ. ಎರಡನೆಯ ದಿನ ನಗು ಕಡಿಮೆಯಾಯಿತು. ಮೂರನೆಯ ದಿನ ಪರುತಪ್ಪ ನನ್ನನ್ನು ಶಾಲೆಯ ಗೋಡೆಯ ಹಿಂದಕ್ಕೆ ಕರೆದ.

‘ಮಾಸ್ತರ್ರ, ಹಲ್ಲು ಎಷ್ಟ ದಿನಕ್ಕ ಬರ್ತಾವ್ರಿ?’

ಅದೆಲ್ಲ ನಾನು ಕಟ್ಟಿದ ಕಥೆ, ಪತ್ರಿಕೆಯವರು ಕೇಳಿದರು ಬರೆದೆ ಎಂದು ಹೇಳಿದೆ. ಅವನು ನನ್ನ ಮುಖವನ್ನೇ ನೋಡಿದ.

‘ಕಟ್ಟಿದ್ದಾದ್ರ ಮಾರಿ ನೀಲವ್ವಂದ ಯಾಕ ಹಾಕಿದ್ರಿ? ನಿಮ್ಮ ಮನ್ಯಾಗಿಂದು ನಿಮಗ ಗೊತ್ತಿರದ ಮತ್ಯಾರಿಗೆ ಗೊತ್ತಿರತೈತಿ.’

ನಾನು ಎಷ್ಟು ಹೇಳಿದರೂ ಅವನಿಗೆ ನಾನು ಏನನ್ನೋ ಮುಚ್ಚಿಡುತ್ತಿರುವಂತೆ ಕಂಡಿತು. ಅವತ್ತು ಸಂಜೆ ಅವನು ಎತ್ತಿನ ಹಗ್ಗದಿಂದ ತಂದೆಯ ಕಾಲನ್ನು ಪಡಸಾಲೆಯ ಕಂಬಕ್ಕೆ ಕಟ್ಟಿದ. ಯಮನಪ್ಪ ಅದನ್ನು ಆಟವೆಂದುಕೊಂಡು ಗಂಟು ಹಾಕಲು ಹಗ್ಗದ ತುದಿಯನ್ನು ತಾನೇ ಹಿಡಿದುಕೊಟ್ಟನಂತೆ.

ಒಂದು ಸಂಚಿಕೆ ನೀಲವ್ವನ ಕೈಗೂ ಬಂತು. ನಾನು ಊಟಕ್ಕೆ ಮನೆಗೆ ಬಂದಾಗ ಆಕೆ ಅದನ್ನು ನೆಲದ ಮೇಲೆ ಹಾಸಿಕೊಂಡು ಕುಳಿತಿದ್ದಳು.

‘ಇದು ನಾನೇನ್ರಿ?’

‘ಅಲ್ಲ. ಅದು ಕಥಿ.’

‘ಮೂಗಬಟ್ಟು ನಂದ ಐತಿ.’

ಆಕೆ ಸಿಟ್ಟಾಗುತ್ತಾಳೆಂದು ಕಾದೆ. ಸಿಟ್ಟಾಗಿದ್ದರೆ ಕಾಲು ಹಿಡಿಯಬಹುದಿತ್ತು. ಆಕೆ ಪುಟವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

‘ನಾವು ಹಿಂಗ ಇರಬೇಕಾಗಿತ್ತೇನ್ರಿ? ಬಂದಾಗ ನಮಗ ಯಾರೂ ಹೇಳಲಿಲ್ಲಲ್ಲ.’

ಎದ್ದು ಹೋಗಿ ಗೋಡೆಯ ಕನ್ನಡಿಯ ಮುಂದೆ ನಿಂತಳು. ತುಟಿಗಳನ್ನು ಎಳೆದು ಹಲ್ಲು ತೋರಿಸಿ ನೋಡಿಕೊಂಡಳು. ಚಿತ್ರದಲ್ಲಿ ಕೈ ಎಷ್ಟು ಎತ್ತರಕ್ಕಿದೆ ಎಂದು ತಿರುಗಿ ನೋಡಿ ತನ್ನ ಕೈಯನ್ನೂ ಅಷ್ಟೇ ಎತ್ತಿದಳು. ನಾನು ಅಡುಗೆಮನೆಯ ಬಾಗಿಲಿಗೆ ಆತುಕೊಂಡಿದ್ದೆ. ಕನ್ನಡಿಯಲ್ಲಿ ನಾನೂ ಕಾಣುತ್ತಿದ್ದೆನೆಂದು ಆಮೇಲೆ ತಿಳಿಯಿತು. ಆಕೆ ಕೈ ಇಳಿಸಿದಳು.

‘ಅಂಜಿಕಿ ಆಗತಿತ್ತಂದ್ರ ನನಗ ಹೇಳಬೇಕಾಗಿತ್ತಲ್ಲರಿ. ನಾ ಪಡಸಾಲ್ಯಾಗ ಮಲಗತಿದ್ನಿ. ಪೇಪರನ್ಯಾಗ ಯಾಕ ಹೇಳಿದ್ರಿ.’

ಮರುದಿನದಿಂದ, ಸತ್ತು ಎದ್ದು ಬಂದವರೆಲ್ಲ ಒಬ್ಬೊಬ್ಬರಾಗಿ ನಮ್ಮ ಅಂಗಳಕ್ಕೆ ಬರತೊಡಗಿದರು. ಆಗ ಊರಿನಲ್ಲಿ ಅಂಥವರು ಹನ್ನೊಂದು ಮಂದಿ ಇದ್ದರು. ಕಸ್ತೂರೆವ್ವ ಬಂದಳು. ಯಮನಪ್ಪ ಕಾಲಿನ ಹಗ್ಗ ಎಳೆದುಕೊಂಡೇ ಬಂದ. ಪತ್ರಿಕೆಯನ್ನು ಕೈಯಿಂದ ಕೈಗೆ ದಾಟಿಸುತ್ತ ನೋಡಿದರು. ಇದು ಸುಳ್ಳು, ನೀವು ಇದ್ದ ಹಾಗೇ ಇರಿ ಎಂದು ನಾನು ಕೈಮುಗಿದು ಹೇಳಿದೆ. ಅವರಿಗೆ ನನ್ನ ಮಾತಿಗಿಂತ ಅಚ್ಚಾದ ಚಿತ್ರದಲ್ಲೇ ಹೆಚ್ಚು ನಂಬಿಕೆ ಕುಳಿತ ಹಾಗಿತ್ತು. ತಾವು ಯಾಕೆ ಬಂದೆವು, ಬಂದು ಏನು ಮಾಡಬೇಕು ಎಂಬುದು ಅವರಿಗೂ ಗೊತ್ತಿರಲಿಲ್ಲವೆಂದು ಅವತ್ತು ನನಗೆ ಹೊಳೆಯಿತು. ಮೊದಲ ಸಲ ಯಾರೋ ಅವರಿಗೆ ಅದನ್ನು ಬರೆದು ತೋರಿಸಿದ್ದರು.

ಯಮನಪ್ಪನ ಬಾಯಲ್ಲಿ ಒಂದೂ ಹಲ್ಲಿರಲಿಲ್ಲ. ಆದರೂ ಎರಡು ದಿನ ಬಿಟ್ಟು ಅವನು ಶಾಲೆಯ ಗೇಟಿನ ಮುಂದೆ ಎರಡೂ ಕೈ ಎತ್ತಿ, ಬಾಯಿ ತೆರೆದು ನಿಂತ. ಅದೇ ಮಕ್ಕಳು ಹಿಂದಿನ ವಾರದ ತನಕ ಅವನ ಜೇಬಿಗೆ ಕೈ ಹಾಕಿ ಪುಠಾಣಿ ತೆಗೆದುಕೊಳ್ಳುತ್ತಿದ್ದರು. ಈಗ ಚೀರಿ ಓಡಿದರು. ಮೂರನೆಯ ಇಯತ್ತೆಯ ಹುಡುಗಿಯೊಬ್ಬಳು ಕಲ್ಲಿನ ಮೇಲೆ ಬಿದ್ದಳು, ಮೊಣಕೈ ಮುರಿಯಿತು. ನಾನು ಓಡಿ ಹೋಗುವಷ್ಟರಲ್ಲಿ ಯಮನಪ್ಪ ಆಕೆಯ ಪಕ್ಕದಲ್ಲಿ ಕುಳಿತು ತನ್ನ ತಣ್ಣನೆಯ ಕೈಯನ್ನು ಬಾತ ಜಾಗದ ಮೇಲೆ ಇಟ್ಟಿದ್ದ. ಹುಡುಗಿ ಅವನನ್ನು ನೋಡಿ ನೋಡಿ ಇನ್ನೂ ಜೋರಾಗಿ ಅಳುತ್ತಿದ್ದಳು. ಅವನು ನನ್ನ ಕಡೆ ತಿರುಗಿ, ಸರಿ ಮಾಡಿದೆನೋ ತಪ್ಪು ಮಾಡಿದೆನೋ ಎಂದು ಕೇಳುವವನ ಹಾಗೆ ನೋಡಿದ.

ಅವತ್ತೇ ಮಧ್ಯಾಹ್ನ ಚಾವಡಿಯಲ್ಲಿ ಊರು ಕೂಡಿತು. ಹಿರಿಯ ಶಿವಪೂಜಪ್ಪ ನಡುವೆ ಕುಳಿತಿದ್ದ. ಕೆಟ್ಟ ಮನುಷ್ಯನಲ್ಲ. ಅವನ ಹೆಂಡತಿ ಸತ್ತು ಒಂಬತ್ತು ವರ್ಷವಾಗಿದ್ದರೂ ವಾಪಸ್ಸು ಬಂದಿರಲಿಲ್ಲ. ಅದರ ಬಗ್ಗೆ ಅವನು ಎಂದೂ ಮಾತಾಡಿದವನಲ್ಲ. ಬಂದವರನ್ನು ಹೊಡೆಯುವುದು ಬೇಡ, ಬಡಿಯುವುದು ಬೇಡ, ನಡೆದುಕೊಂಡು ಬಂದಿದ್ದಾರೆ, ಹೇಳಿದರೆ ನಡೆದುಕೊಂಡೇ ಹೋಗುತ್ತಾರೆ, ಅವರವರ ಕುಣಿಗೆ ಅವರವರ ಮನೆಯವರೇ ಮಣ್ಣು ಕೊಡಲಿ ಎಂದು ಮೆಲ್ಲಗೆ ಹೇಳಿದ. ಆಮೇಲೆ ನನ್ನನ್ನು ಎಬ್ಬಿಸಿ ನಿಲ್ಲಿಸಿ, ಚಿತ್ರದಲ್ಲಿ ಇರುವುದು ಖರೆಯೋ ಸುಳ್ಳೋ ಎಂದು ಕೇಳಿದ.

ಸುಳ್ಳು ಎಂದೆ. ನೀಲವ್ವ ನನಗೆ ಒಂದು ಕೆಟ್ಟ ಮಾತೂ ಆಡಿಲ್ಲ, ಹಲ್ಲು ನಾನು ಹಚ್ಚಿದ್ದು, ಶಿಕ್ಷೆ ಕೊಡುವುದಿದ್ದರೆ ನನಗೆ ಕೊಡಿ ಎಂದೆ. ಮಂದಿಯ ಮುಖಗಳು ಸ್ವಲ್ಪ ಸಡಿಲವಾದವು. ಶಿವಪೂಜಪ್ಪ ಗಡ್ಡ ಕೆರೆದುಕೊಂಡ.

‘ಒಂದ ಮಾತು ಕೇಳತೀನಿ, ಮಾಸ್ತರ. ನೀವು ನಿಮ್ಮ ಹೇಂತಿಗೆ ಬೆನ್ನ ಮಾಡಿ ಮಲಗತೀರೇನು?’

ಹೌದು ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಆರು ವಾರ ಚಿತ್ರದಲ್ಲಿ ಸುಳ್ಳು ಹೇಳಿದವನಿಗೆ ಅದೇನು ಕಷ್ಟ? ಆದರೆ ನಾಲಿಗೆ ಏಳಲಿಲ್ಲ. ಯಾಕೆಂದು ಈಗಲೂ ಕೇಳಿಕೊಳ್ಳುತ್ತೇನೆ. ಅಷ್ಟು ದಿನಗಳಲ್ಲಿ ನನ್ನನ್ನು ಸರಿಯಾದ ಪ್ರಶ್ನೆ ಕೇಳಿದವನು ಅವನೊಬ್ಬನೇ ಎಂಬುದಕ್ಕಿರಬಹುದು. ನಾನು ನೆಲ ನೋಡುತ್ತ ನಿಂತೆ. ಕಂಬದ ಹತ್ತಿರ ಕುಳಿತಿದ್ದ ಪರುತಪ್ಪ ಯಾರೂ ಕೇಳದೆಯೇ ಬಾಯಿ ಬಿಟ್ಟ.

‘ನಾನೂ ಇಲ್ಲ.’

ದ್ಯಾಮಣ್ಣ ತಾನು ಕಟ್ಟೆಗೆ ಬಂದದ್ದು ಸೆಕೆಗೆ ಅಲ್ಲವೆಂದ. ಆಮೇಲೆ ಒಬ್ಬೊಬ್ಬರೇ ಹೇಳಿದರು. ಯಾರೂ ಬೆನ್ನು ಮಾಡುತ್ತಿರಲಿಲ್ಲ. ಅಷ್ಟು ವರ್ಷ ಇಡೀ ಊರು ಗೋಡೆಗೆ ಬೆನ್ನು ಒತ್ತಿಕೊಂಡು, ಕಣ್ಣು ಬಿಟ್ಟುಕೊಂಡು ಮಲಗಿತ್ತು. ಪ್ರತಿಯೊಬ್ಬನೂ ತನ್ನೊಬ್ಬನಿಗೇ ಹೀಗೆ ಎಂದುಕೊಂಡಿದ್ದ. ನನಗೆ ಹಗುರವಾಯಿತೋ ಭಾರವಾಯಿತೋ ತಿಳಿಯಲಿಲ್ಲ. ಶಿವಪೂಜಪ್ಪ ನಾಳೆ ಮುಂಜಾನೆ ಎಂದ. ಎಲ್ಲರೂ ಎದ್ದರು.

ಮುಂಜಾನೆ ಬಿಸಿಲು ಚೆನ್ನಾಗಿ ಬಿದ್ದಿತ್ತು. ಯಾರನ್ನೂ ಎಳೆಯಬೇಕಾಗಲಿಲ್ಲ. ನೀಲವ್ವ ಪಾತ್ರೆ ತೊಳೆದಿಟ್ಟು, ಹಿಟ್ಟು ಎಲ್ಲಿದೆ, ಹೆಪ್ಪು ಎಲ್ಲಿದೆ ಎಂದು ನನಗೆ ತೋರಿಸಿದಳು. ಹೋಗಬೇಡ ಎಂದೆ. ಹೇಳಿದ್ದಾರಲ್ಲ ಎಂದಳು. ನಾವು ಸುಡುಗಾಡಿಗೆ ಜೊತೆಯಲ್ಲೇ ನಡೆದು ಹೋದೆವು, ದಾರಿಯಲ್ಲಿ ಆಕೆ ನನಗಿಂತ ಎರಡು ಹೆಜ್ಜೆ ಮುಂದಿದ್ದಳು. ಅಲ್ಲಿ ಮನೆಮನೆಯವರು ತಮ್ಮ ತಮ್ಮವರ ಕುಣಿ ತೋಡಿಕೊಂಡು ನಿಂತಿದ್ದರು, ನೀಲವ್ವನದನ್ನೂ ಯಾರೋ ತೋಡಿಟ್ಟಿದ್ದರು. ಮಠದ ಅಯ್ಯನವರು ವಿಭೂತಿ ಹಿಡಿದುಕೊಂಡು ಬಂದಿದ್ದರು. ಎರಡನೆಯ ಸಲಕ್ಕೆ ಯಾವ ಮಂತ್ರ ಹೇಳಬೇಕೆಂದು ಅವರಿಗೆ ತಿಳಿಯಲಿಲ್ಲ. ಕೊನೆಗೆ ಸತ್ತವರು ಬದುಕಿದವರು ಎನ್ನದೆ ಎಲ್ಲರ ಹಣೆಗೂ ಹಚ್ಚುತ್ತ ಹೋದರು.

ನೀಲವ್ವ ತಾನೇ ಕುಣಿಗೆ ಇಳಿದಳು. ಸೀರೆಯ ನೆರಿಗೆ ಸರಿ ಮಾಡಿಕೊಂಡು ಚಕ್ಕಳಮಕ್ಕಳ ಹಾಕಿ ಕುಳಿತಳು. ನಾನು ಬೊಗಸೆಯಲ್ಲಿ ಮಣ್ಣು ತೆಗೆದುಕೊಂಡೆ. ಮೊದಲ ಸಲವೂ ಹೀಗೇ ತೆಗೆದುಕೊಂಡಿದ್ದೆ, ಆಗ ಆಕೆಯ ಕಣ್ಣು ಮುಚ್ಚಿತ್ತು. ಈಗ ಮುಖ ಮೇಲೆತ್ತಿ ನನ್ನನ್ನೇ ನೋಡುತ್ತಿದ್ದಳು.

‘ಹಾಕ್ರಿ. ಹಿಂದಿನ ಸಲ ನೀವ ಹಾಕಿದ್ರಂತ, ನಾ ನೋಡಿದ್ದಿಲ್ಲ.’

‘ಕಣ್ಣ ಮುಚ್ಚು.’

‘ಮುಚ್ಚಂಗಿಲ್ಲ. ನನಗೂ ಅಂಜಿಕಿ ಆಗತೈತಿ.’

ಆಕೆಗೆ ಅಂಜಿಕೆ ಎಂಬುದು ಇರಬಹುದೆಂದು ನನಗೆ ಅಲ್ಲಿಯ ತನಕ ಹೊಳೆದಿರಲಿಲ್ಲ. ಕೈಯಲ್ಲಿದ್ದ ಮಣ್ಣನ್ನು ಎಲ್ಲಿ ಹಾಕಬೇಕೆಂದು ಗೊತ್ತಾಗದೆ ನನ್ನ ತಲೆಯ ಮೇಲೇ ಹಾಕಿಕೊಂಡೆನೆಂದು ನೋಡಿದವರು ಹೇಳುತ್ತಾರೆ. ನನಗೆ ನೆನಪಿಲ್ಲ. ನೆನಪಿರುವುದು ಕುಣಿಗೆ ಇಳಿದದ್ದು, ಅಂಚು ಕುಸಿದು ಮಣ್ಣು ಇಬ್ಬರ ಮೇಲೂ ಬಿದ್ದದ್ದು, ಜಾಗ ಸಾಲದೆ ಆಕೆಯ ಮೊಣಕಾಲು ನನ್ನ ಎದೆಗೆ ಒತ್ತಿದ್ದು. ಒಳಗೆ ತಂಪಾಗಿತ್ತು. ನನ್ನ ಹಲ್ಲು ಕಟಕಟ ಎನ್ನುತ್ತಿದ್ದವು. ಆಕೆ ನನ್ನ ಕೈ ಹಿಡಿದುಕೊಂಡಳು. ಎಷ್ಟು ಹೊತ್ತು ಕುಳಿತೆವೋ. ಕೆಂಪಿರುವೆ ಕಚ್ಚಲು ಶುರು ಮಾಡಿದಾಗ ಆಕೆ ಎದ್ದಳು.

‘ಏಳ್ರಿ. ಇಲ್ಲಿ ಇಬ್ಬರು ಹಿಡ್ಯಂಗಿಲ್ಲ.’

ಆಕೆಯೇ ಮೊದಲು ಹತ್ತಿ, ನನ್ನ ರಟ್ಟೆ ಹಿಡಿದು ಮೇಲೆಳೆದಳು. ಮೈತುಂಬ ಮಣ್ಣು ಮೆತ್ತಿಕೊಂಡು ನಾವಿಬ್ಬರೂ ಅಂಚಿನ ಮೇಲೆ ನಿಂತಾಗ ಸುತ್ತಲಿನವರು ಒಮ್ಮೆ ಆಕೆಯನ್ನು, ಒಮ್ಮೆ ನನ್ನನ್ನು ನೋಡಿದರು. ಅಯ್ಯನವರು ಒಂದು ಹೆಜ್ಜೆ ಹಿಂದೆ ಸರಿದದ್ದು ನನ್ನನ್ನು ನೋಡಿ. ಮಗ್ಗುಲ ಕುಣಿಯ ಅಂಚಿನಲ್ಲಿದ್ದ ರತ್ನವ್ವ ಮಣ್ಣಿನ ಬುಟ್ಟಿಯನ್ನು ಅತ್ತ ಒಗೆದು, ಕಸ್ತೂರೆವ್ವನ ತೋಳು ಹಿಡಿದು, ನೀನು ಹೋದರೆ ಈ ಗಂಡನ ಜೊತೆ ಒಬ್ಬಳೇ ಹೇಗೆ ಬಾಳುವೆ ಮಾಡಲಿ ಎಂದು ಬೈಯುತ್ತ ಹೊರಗೆಳೆದಳು. ಆಮೇಲೆ ಉಳಿದವರೂ ಬಾಗಿ ಕೈ ಕೊಟ್ಟರು. ಶಿವಪೂಜಪ್ಪ ಯಾರನ್ನೂ ತಡೆಯಲಿಲ್ಲ. ಅವನು ದೂರದಲ್ಲಿ ಒಂದು ಹಳೆಯ ಗೋರಿಯ ಹತ್ತಿರ ನಮಗೆ ಬೆನ್ನು ಮಾಡಿ ನಿಂತಿದ್ದ.

ಆದರೆ ಮೂವರ ಮೇಲೆ ಅಷ್ಟರಲ್ಲಿ ಮಣ್ಣು ಬಿದ್ದಾಗಿತ್ತು. ಅದರಲ್ಲಿ ಒಬ್ಬ ಯಮನಪ್ಪ. ಮುಖ ನೋಡಿದರೆ ಕೈ ಬರುವುದಿಲ್ಲವೆಂದು ಪರುತಪ್ಪ ಕಣ್ಣು ಮುಚ್ಚಿಕೊಂಡು ಎಲ್ಲರಿಗಿಂತ ಮೊದಲೇ ತುಂಬಿ ಮುಗಿಸಿದ್ದ. ಕೈ ಎಟುಕುವ ತನಕ ಬುಟ್ಟಿಯ ಮಣ್ಣನ್ನು ಒಳಗಿನಿಂದ ತಂದೆಯೇ ತನ್ನ ಮೇಲೆ ಎಳೆದುಕೊಂಡನಂತೆ. ಪರುತಪ್ಪ ಕೈಯಿಂದಲೇ ತೋಡಿದ, ನಾವೂ ತೋಡಿದೆವು. ಯಮನಪ್ಪ ಕುಳಿತ ಹಾಗೇ ಕುಳಿತಿದ್ದ. ಹೆಸರು ಹಿಡಿದು ಕರೆದರೂ, ಅಪ್ಪಾ ಎಂದು ಕರೆದರೂ ಏಳಲಿಲ್ಲ. ಉಳಿದಿಬ್ಬರೂ ಹಾಗೇ. ಮಧ್ಯಾಹ್ನದ ತನಕ ಕರೆದು, ಮತ್ತೆ ಮುಚ್ಚಿದೆವು. ಅದಕ್ಕೆ ಅಯ್ಯನವರು ಮಂತ್ರ ಹೇಳಿದರು.

ಸಂಪಾದಕರಿಂದ ಆಮೇಲೂ ಎರಡು ಪತ್ರ ಬಂದವು. ನಾನು ಕಥೆಯನ್ನು ಅರ್ಧಕ್ಕೇ ಬಿಟ್ಟೆ. ಆಕೆ ಗಂಡನನ್ನು ಕೊಂದಳೋ ಇಲ್ಲವೋ ಎಂದು ಓದುಗರು ಕೇಳುತ್ತಿದ್ದಾರಂತೆ. ನೀಲವ್ವ ಈಗ ಪಡಸಾಲೆಯಲ್ಲಿ ಮಲಗುತ್ತಾಳೆ. ದೀಪ ಹಚ್ಚುವ ಹೊತ್ತಿಗೆ, ಜ್ವರ ಕೇಳುವ ಹಾಗೆ, ಇವತ್ತು ಅಂಜಿಕೆ ಎಷ್ಟಿದೆ ಎಂದು ನನ್ನನ್ನು ಕೇಳುತ್ತಾಳೆ. ಇದ್ದಷ್ಟನ್ನು ಹೇಳುತ್ತೇನೆ. ನಾನೂ ಕೇಳುತ್ತೇನೆ. ಅವಳೂ ಹೇಳುತ್ತಾಳೆ. ಕೆಲವು ದಿನ ಅವಳದೇ ಹೆಚ್ಚಿರುತ್ತದೆ.

ಯಮನಪ್ಪನ ಕುಣಿ ಮುಚ್ಚಿದ ಎರಡನೆಯ ತಿಂಗಳು ಪರುತಪ್ಪ ನಮ್ಮ ಮನೆಗೆ ಬಂದ. ಅಲ್ಲಿಯ ತನಕ ನನ್ನ ಕೂಡ ಮಾತು ಬಿಟ್ಟಿದ್ದ. ಅವತ್ತೂ ನನ್ನ ಕಡೆ ನೋಡದೆ ಒಲೆಯ ಮುಂದಿದ್ದ ನೀಲವ್ವನ ಹತ್ತಿರ ಹೋಗಿ ಕುಳಿತ.

‘ಎರಡನೇ ಸಲಾನೂ ಬರ್ತಾರೇನವ್ವಾ?’

ಆಕೆ ರೊಟ್ಟಿಯನ್ನು ತಿರುವಿ ಹಾಕಿ ಯೋಚನೆ ಮಾಡಿದಳು.

‘ಮೊದಲನೇ ಸಲ ಹೆಂಗ ಬಂದ್ನಿ ಅನ್ನೂದ ನನಗ ಗೊತ್ತಿಲ್ಲಪ. ಬಂದ್ರೂ ಈ ಸಲ ಸಿಟ್ಟ ಮಾಡ್ಕೊಂಡ ಬರಬಹುದು.’

‘ಬರಲಿ,’ ಎಂದ ಪರುತಪ್ಪ. ‘ಹೆಂಗರ ಬರಲಿ.’

ಅವನು ಎದ್ದು ಹೋಗಲಿಲ್ಲ. ಆಕೆ ಬಿಸಿ ರೊಟ್ಟಿಯನ್ನು ಕೈಗೆ ಕೊಟ್ಟಾಗ ಬೆರಳು ತಗುಲಿ ಅವನ ಕೈ ಒಮ್ಮೆ ಬೆಚ್ಚಿತು. ಇಬ್ಬರೂ ಅದನ್ನು ನೋಡಿದರು. ನನಗೂ ಅಂಜಿಕಿ ಆಗತೈತಿ, ತಿನ್ನು ಎಂದಳು ನೀಲವ್ವ. ಅವನು ತಿನ್ನತೊಡಗಿದ.